ಗಂಗವ್ವನ ಚಾನೆಲ್ಲಿಗೆ ಕೊಟ್ಟ ದನಿ

ಟಪ್ ಟಪ್ ಟಪ್ — ಬಸವೇಶ್ವರನಗರದ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಗಂಗವ್ವ ಜೋಳದ ರೊಟ್ಟಿ ಬಡಿಯುತ್ತಿದ್ದ ಸದ್ದು. ಆ ಸದ್ದನ್ನು ಕೇಳಲೆಂದೇ ಸಾವಿರಾರು ಜನ ಅವಳ ಚಾನೆಲ್ಲಿನ ವಿಡಿಯೊ ನೋಡುತ್ತಿದ್ದರು. ಆ ಚಾನೆಲ್ ಮುಚ್ಚಿಸಿದವಳು ನಾನು. ವಿಡಿಯೊ ಕಂಪನಿಯವರಲ್ಲ, ಯಾರೋ ವೈರಿಗಳಲ್ಲ — ನಾನು.

ಗಂಗವ್ವ ವಿಜಯಪುರದ ಕಡೆಯಿಂದ ಬಂದ ನಮ್ಮ ಬಾಡಿಗೆದಾರಳು. ಗಂಡ ಬೈಕಿನಲ್ಲಿ ಊಟ ಡೆಲಿವರಿ ಮಾಡುತ್ತಿದ್ದ. ನಾನು ನನ್‌ಗಳ ಕೈಯಲ್ಲಿ ಓದಿ, ಕಾನ್ವೆಂಟಿನಲ್ಲೇ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ನನಗೂ ಒಂದು ಚಾನೆಲ್ ಇತ್ತು — ಸ್ಪೋಕನ್ ಇಂಗ್ಲಿಷ್ ಪಾಠ. ನನ್ನ ತಂಗಿಯನ್ನು ಬಿಟ್ಟರೆ ನೋಡುವವರೇ ಇರಲಿಲ್ಲ.

ಅವಳಿಗೆ ದುಡ್ಡು ಬರತೊಡಗಿತು. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಹೇಳಿದಳು: "ಉದ್ದನ ವಿಡಿಯೊ ಹಾಕೋದ್ರಾಗ ಜಾಹೀರಾತಿನ ಪಾಲು ಕೊಡ್ತಾರ್ರಿ ಮಿಸ್. ರೀಲ್ಸ್ ಹಾಕೋ ಇನ್ನೊಂದ್ರಾಗ ಬರೇ ಹೃದಯ ಒತ್ತತಾರ. ಹೃದಯ ಒಯ್ದು ಸಂತಿ ಮಾಡಾಕ ಆಗ್ತೈತೇನ್ರಿ?"

ನಾವಿಬ್ಬರೂ ನಕ್ಕೆವು. ಆ ಪಾಲಿನ ದುಡ್ಡಿನಲ್ಲಿ ಮಗಳನ್ನು ನಾನು ಕಲಿಸಿದ ಕಾನ್ವೆಂಟಿಗೇ ಸೇರಿಸಬೇಕೆಂಬುದು ಅವಳ ಆಸೆ. "ನಿಮ್ಮಂಗ ಟಸ್ ಪುಸ್ ಅಂತ ಮಾತಾಡ್ಬೇಕ್ರಿ ನಮ್ ಹುಡುಗಿ" ಎನ್ನುತ್ತಿದ್ದಳು.

ಫಾರಿನ್‌ನವರೂ ನೋಡಲಿ ಎಂದು ಅವಳು ಕೇಳಿದಾಗ, ಪ್ರತಿ ವಿಡಿಯೊದ ಶುರುವಿನಲ್ಲಿ ನಾನೇ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿ ಕೊಟ್ಟೆ — ಸಂತೋಷದಿಂದಲೇ ಕೊಟ್ಟೆ. ನನಗೂ ಕೇಳುವವರು ಸಿಕ್ಕರಲ್ಲ! ಆಮೇಲೆ ಕೆಳಗಿನ ಕಾಮೆಂಟ್‌ಗಳನ್ನು ಓದಿದೆ. "ಆ ಇಂಗ್ಲಿಷ್ ಅಜ್ಜಿನ ತೆಗೀರಪ್ಪ. ಅಕ್ಕ ಮಾತಾಡ್ಲಿ, ಅಕ್ಕನ ಮಾತೇ ಜೇನು." ಅದಕ್ಕೆ ಎಷ್ಟೊಂದು ಜನರ ಲೈಕ್ — ನನ್ನ ಪಾಠಗಳಿಗೆಲ್ಲ ಸೇರಿಸಿದರೂ ಅಷ್ಟು ಬಂದಿರಲಿಲ್ಲ.

ಬೀದಿಯ ತರಕಾರಿಯವನು ಅಲ್ಲಿಯವರೆಗೆ ನಮ್ಮದನ್ನು 'ಮಿಸ್ ಮನೆ' ಎನ್ನುತ್ತಿದ್ದ. ಅದೇ ವಾರ ಅವನ ಬಾಯಲ್ಲೂ 'ರೊಟ್ಟಿ ಅಕ್ಕನ ಮನೆ' ಆಯಿತು. ನನ್ನದೇ ಮನೆ — ಏನು ಹೇಳಲಿ, ಎದೆಯೊಳಗೆ ಕೆಂಡ ಇಟ್ಟ ಹಾಗಾಯಿತು.

ಕಾಪಿರೈಟ್ ಕಂಪ್ಲೇಂಟ್ ಹೇಗೆ ಬರೆಯಬೇಕೆಂದು ಯಾರೂ ನನಗೆ ಹೇಳಿಕೊಡಬೇಕಿರಲಿಲ್ಲ. ನನ್ನ ದನಿಯನ್ನು ಅನುಮತಿಯಿಲ್ಲದೆ ಬಳಸಿದ್ದಾರೆ ಎಂದು ಒಂದಾದ ಮೇಲೊಂದು ವಿಡಿಯೊ ಮೇಲೆ ಕಂಪನಿಗೆ ದೂರು ಬರೆದೆ. ಗ್ರಾಮರ್ ಪರ್ಫೆಕ್ಟ್. ಬರೆದದ್ದೆಲ್ಲ ಸುಳ್ಳು.

ಅದಕ್ಕಿಂತ ದೊಡ್ಡ ಪಾಪ ಆಮೇಲಿನದು. ಕಂಪನಿಯ ಮೇಲ್ ಬಂದಾಗ ಗಂಗವ್ವ ಫೋನ್ ಹಿಡಿದುಕೊಂಡು ಓಡಿಬಂದದ್ದು ನನ್ನ ಬಳಿಗೇ. "ಇದರಾಗ ಏನ್ ಬರ್ದಾರ ನೋಡ್ರಿ ಮಿಸ್, ನನಗ ಇಂಗ್ಲಿಷ್ ಓದಾಕ ಬರಂಗಿಲ್ಲ." ಅದರಲ್ಲಿ ನನ್ನದೇ ಹೆಸರಿತ್ತು. ದೂರು ಹಿಂತೆಗೆದುಕೊಂಡರೆ ಚಾನೆಲ್ ಉಳಿಯುತ್ತದೆ ಎಂದೂ ಇತ್ತು. ಕನ್ನಡಕ ಸರಿಮಾಡಿಕೊಂಡು, ಸ್ಟೂಡೆಂಟಿಗೆ ಅರ್ಥ ಹೇಳುವಂತೆ ನಿಧಾನವಾಗಿ ಹೇಳಿದೆ:

"ನಿನ್ನ ಮಾತು ಅವರಿಗೆ ಸರಿಹೋಗಿಲ್ವಂತೆ ಕಣೇ. ಇಂಥ ಹಳ್ಳಿ ಭಾಷೆಗೆ ದುಡ್ಡು ಕೊಡೋಕಾಗಲ್ಲ ಅಂತಾರೆ."

ಅವಳು ಜಗಳವಾಡಲಿಲ್ಲ. "ಹೌದೇನ್ರಿ?" ಎಂದಳು, ಅಷ್ಟೇ. ಆ ಮುಖ — ಬೇಡ, ಅದನ್ನು ವರ್ಣಿಸುವ ಹಕ್ಕೂ ನನಗಿಲ್ಲ. ಕೆಲವು ದಿನಗಳಲ್ಲಿ ಚಾನೆಲ್ ಹೋಯಿತು, ಬರಬೇಕಾದ ದುಡ್ಡೂ ನಿಂತಿತು. ಕಾನ್ವೆಂಟಿನ ಮಾತು ಅವಳು ಮತ್ತೆ ಎತ್ತಲಿಲ್ಲ. ಬಾಡಿಗೆ ಕಡಿಮೆಯೆಂದು ಕೆಂಗೇರಿ ಕಡೆಗೆ ಹೊರಟುಹೋದರು.

ಅವಳನ್ನು ಕೊನೆಯ ಸಲ ಕಂಡದ್ದು ಜ್ಞಾನಭಾರತಿ ಹತ್ತಿರದ ಒಂದು ಮೆಸ್ಸಿನಲ್ಲಿ. ಅಲ್ಲಿ ಬಡಿಸುತ್ತಿದ್ದಳು. ಯಾವುದೋ ಕಾಲೇಜು ಹುಡುಗಿ ಫೋನ್ ಎತ್ತಿ, "ಅಕ್ಕಾ, ನೀವು ಆ ಚಾನೆಲ್‌ನವರು ಅಲ್ವಾ? ಏನಾದ್ರೂ ಮಾತಾಡಿ, ಪ್ಲೀಸ್" ಎಂದಳು. ಗಂಗವ್ವ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಬೇಡವೆಂದು ತಲೆಯಾಡಿಸಿದಳು. ಆಗ ಬಾಗಿಲಲ್ಲಿದ್ದ ನನ್ನನ್ನು ಕಂಡು, ಅದೇ ಕೈಯಿಂದ ಕುರ್ಚಿ ಎಳೆದಳು.

"ಬರ್ರಿ ಮಿಸ್. ಕುಂದರ್ರಿ."

ಕೂರಲಿಲ್ಲ. ನಿಜ ಹೇಳಲೂ ಇಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಇನ್ನೊಂದು ಸುಳ್ಳು ಹೇಳಿ ಹೊರಟೆ. ರಸ್ತೆ ದಾಟಿ ತಿರುಗಿ ನೋಡಿದಾಗ, ಅವಳಿನ್ನೂ ಆ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.