ಬೆಟ್ಟದ ಕೆರೆಗೆಂದು ವಿಜಯವಾಡಕ್ಕೆ

ಶನಿವಾರ ಬೆಳಿಗ್ಗೆ ವಿಶಾಖಪಟ್ಟಣದಲ್ಲಿ ರೈಲು ಹತ್ತಿದಾಗ ನನ್ನ ಚೀಲದಲ್ಲಿ ಇಬ್ಬರಿಗಾಗುವಷ್ಟು ಬೆಚ್ಚನೆಯ ಬಟ್ಟೆಯಿತ್ತು. ಕಡಲ ದಂಡೆಯ ಆ ಊರಿನಲ್ಲಿ ಡಿಸೆಂಬರಿನಲ್ಲೂ ಸ್ವೆಟರ್ ಬೇಕಾಗುವುದಿಲ್ಲ. ಲಂಬಸಿಂಗಿಯ ಕಡೆ ಬೆಟ್ಟಗಳ ನಡುವೆ ಒಂದು ಕೆರೆಯಿದೆ, ಅಲ್ಲಿ ಬೇಕು. ಮಾಮನೂ ನಾನೂ ಆ ಕೆರೆಗೆ ಗಾಳ ಹಾಕಬೇಕೆಂದಿದ್ದೆವು. ವಿಜಯವಾಡಕ್ಕೆ ಹೋಗಿ ಅವರನ್ನು ಕರೆದುಕೊಂಡು, ಮರುದಿನದ ರೈಲಿನಲ್ಲಿ ಹಿಂದಕ್ಕೆ ಬರುತ್ತ ನರ್ಸೀಪಟ್ಟಣಂ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಬೆಟ್ಟ ಹತ್ತುವುದೆಂದು ಮಾತಾಗಿತ್ತು.

ಮಾಮ ನನ್ನ ತಾಯಿಯ ತಮ್ಮ. ಚಿಕ್ಕ ವಯಸ್ಸಿಗೇ ಹರಿಹರ ಬಿಟ್ಟು, ವಿಜಯವಾಡದ ಆಟೋನಗರ್‌ನಲ್ಲಿ ಲಾರಿ ರಿಪೇರಿ ಕಲಿತು, ಅಲ್ಲಿಯವರನ್ನೇ ಮದುವೆಯಾಗಿ ಉಳಿದುಕೊಂಡವರು. ಊರಿಗೆ ಬಂದಾಗಲೆಲ್ಲ ನನ್ನನ್ನು ತುಂಗಭದ್ರೆಯ ದಡಕ್ಕೆ ಕರೆದೊಯ್ದು, ಗಾಳಕ್ಕೆ ಎರೆಹುಳು ಚುಚ್ಚುವುದನ್ನು ಕಲಿಸಿದ್ದರು. ನಾನು ಔಷಧ ಕಂಪನಿಯ ಕೆಲಸಕ್ಕೆ ಬಂದು ವಿಶಾಖಪಟ್ಟಣದ ಮಧುರವಾಡದಲ್ಲಿ ರೂಮು ಹಿಡಿದ ಮೇಲೆ, ಭಾನುವಾರ ಬಂತೆಂದರೆ ಫೋನಿನಲ್ಲಿ ಆ ಕೆರೆಯದೇ ಮಾತು. ನಾನು ಒಮ್ಮೆ ಸಹೋದ್ಯೋಗಿಗಳ ಜೊತೆ ಹೋಗಿ ನೋಡಿ ಬಂದಿದ್ದೆ. ದಡ ಇಳಿಜಾರೋ, ಕಲ್ಲೋ, ನೀರಿನಲ್ಲಿ ಜೊಂಡು ಎಷ್ಟು ದೂರದವರೆಗಿದೆ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂದು ಅವರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು.

ಸುಮಾರು ಮುನ್ನೂರೈವತ್ತು ಕಿಲೋಮೀಟರಿನ ದಾರಿ. ತುನಿಯಲ್ಲಿ ತಣ್ಣಗಾದ ಇಡ್ಲಿ ಸಿಕ್ಕಿತು. ಗೋದಾವರಿಯ ಸೇತುವೆಯ ಮೇಲೆ ಎಲ್ಲರೂ ಕಿಟಕಿಗೆ ಬಂದರು. ನಾನು ದೋಣಿಗಳನ್ನು ನೋಡುತ್ತ, ಮಾಮ ಪಕ್ಕದಲ್ಲಿದ್ದರೆ ಏನೆನ್ನುತ್ತಿದ್ದರೆಂದು ಯೋಚಿಸುತ್ತಿದ್ದೆ. ವಿಜಯವಾಡದಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಆಟೋನಗರ್‌ನ ಹಿಂದಿನ ಗಲ್ಲಿಯಲ್ಲಿ ಅವರ ಮನೆ. ತಗಡು ಬಡಿಯುವ ಸದ್ದು ಅಡುಗೆಮನೆಯವರೆಗೂ ಕೇಳುತ್ತದೆ.

ಮಾಮ ಕುರ್ಚಿಯಿಂದ ಏಳಲಿಲ್ಲ. "ಬಾರವ್ವಾ" ಎಂದು ನಕ್ಕರು, ಅಷ್ಟೆ. ಪದ್ಮಾ ಅತ್ತೆ ನನಗೆ ಲೋಟ ತುಂಬ ಚಹಾ ಕೊಟ್ಟು, ಅವರಿಗೆ ಅರ್ಧವೇ ಕೊಟ್ಟರು. ಮಾಮ ಎರಡೂ ಕೈಯಲ್ಲಿ ಹಿಡಿದರೂ ಚಹಾ ತುಳುಕಿ ಲುಂಗಿಯ ಮೇಲೆ ಬಿತ್ತು. ಅತ್ತೆ ಮೊದಲೇ ತಂದಿಟ್ಟುಕೊಂಡಿದ್ದ ಬಟ್ಟೆಯಿಂದ ಒರೆಸಿದರು. ಆ ಮನೆಗೆ ಅದು ಹೊಸದಲ್ಲ ಎಂದು ನನಗೆ ಆಗ ಗೊತ್ತಾಯಿತು.

ಕೈ ನಡುಕ ಶುರುವಾಗಿ ವರ್ಷದ ಮೇಲಾಗಿತ್ತಂತೆ. ಈಗ ಮೆಟ್ಟಿಲು ಕಂಡರೆ ಕಾಲೂ ನಿಂತುಬಿಡುತ್ತವಂತೆ. ಔಷಧ ನಡೆಯುತ್ತಿದೆ, ಬೆಟ್ಟದ ಬಸ್ಸು ಮಾತ್ರ ಸಾಧ್ಯವೇ ಇಲ್ಲ ಎಂದು ಅತ್ತೆ ತೆಲುಗಿನಲ್ಲಿ ಹೇಳಿದರು. ಕೆರೆಗೆ ಹೋಗುವ ಮಾತನ್ನು ಮಾಮ ಮನೆಯಲ್ಲಿ ಎತ್ತಿಯೇ ಇರಲಿಲ್ಲ. ನಾನು ಸುಮ್ಮನೆ ನೋಡಲು ಬಂದಿದ್ದೇನೆಂದು ಅತ್ತೆ ತಿಳಿದಿದ್ದರು.

ಅತ್ತೆ ಒಳಗೆ ಹೋದ ಮೇಲೆ, ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ಸ್ವಲ್ಪ ಸಿಟ್ಟೂ ಬಂದಿತ್ತು.

ಮಾಮ ಬಾಗಿಲಾಚೆ ನೋಡುತ್ತ ಹೇಳಿದರು: "ಹೇಳಿದ್ರೆ ನೀನೂ ಮಾತ್ರೆ ತಗಂಡ್ರಾ, ಊಟ ಆತಾ ಅಂತ ಕೇಳಾಕೆ ಶುರು ಮಾಡ್ತಿದ್ದೆ. ಅದನ್ನ ಎಲ್ರೂ ಕೇಳ್ತಾರೆ. ಈ ಮನ್ಯಾಗೆ ನನ್ನ ಭಾಷೆ ಆಡೋರು ಯಾರೂ ಇಲ್ಲವ್ವಾ. ಹುಡುಗ್ರಿಗೂ ಬರಲ್ಲ. ಭಾನುವಾರ ಒಂದಿನ ಗಾಳ, ಬೆಂಡು, ಜೊಂಡು ಅಂತ ಮಾತಾಡ್ತಿದ್ವಲ್ಲ, ಅದು ಸಾಕಿತ್ತು ನನಗೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ.

ಭಾನುವಾರ ಬೆಳಿಗ್ಗೆ ನೀರನ್ನಾದರೂ ನೋಡೋಣವೆಂದು ಆಟೋ ಮಾಡಿಕೊಂಡು ಇಂದ್ರಕೀಲಾದ್ರಿಯ ಕೆಳಗೆ ಕೃಷ್ಣೆಯ ದಂಡೆಗೆ ಹೋದೆವು. ಬೆಟ್ಟದ ಮೇಲೆ ದುರ್ಗಮ್ಮನ ದರ್ಶನಕ್ಕೆ ಜನ ಸಾಲುಗಟ್ಟಿದ್ದರು. ಸ್ನಾನಘಟ್ಟದ ಮೆಟ್ಟಿಲು ಇಳಿಯಲಾಗದೆ ಮಾಮ ಆಟೋದಲ್ಲೇ ಕುಳಿತರು. ದೂರದಲ್ಲಿ ಒಬ್ಬ ಗಾಳ ಹಾಕಿ ನಿಂತಿದ್ದ. ಮಾಮ ಬಹಳ ಹೊತ್ತು ಅವನನ್ನೇ ನೋಡಿದರು. ಆಮೇಲೆ, ಏನೂ ಆಗಿಲ್ಲವೆನ್ನುವ ಹಾಗೆ, ಬೆಟ್ಟದ ಕೆರೆಗೆ ಹೋದಾಗ ಏನು ಮಾಡಬೇಕೆಂದು ಹೇಳತೊಡಗಿದರು. ಮಂಜು ಕರಗುವ ಮುಂಚೆ ದಾರ ನೀರಿಗೆ ಬೀಳಬೇಕು. ನೆರಳು ನೀರಿನ ಮೇಲೆ ಬೀಳದಂತೆ ಕೂರಬೇಕು. ದಾರಕ್ಕೆ ಕಟ್ಟಿ ತೇಲಬಿಟ್ಟ ಬೆಂಡು ಒಂದು ಸಲ ಮುಳುಗಿದರೆ ಎಳೆಯಬಾರದು, ಮೀನು ರುಚಿ ನೋಡುತ್ತಿರುತ್ತದೆ. ನನಗೆ ಗೊತ್ತಿದ್ದ ಸಂಗತಿಗಳೇ. ಆದರೂ ಹೊಸದಾಗಿ ಕಲಿಯುವವಳಂತೆ ಒಂದೊಂದನ್ನೇ ಕೇಳಿದೆ. ಅವರು ಒಂದೊಂದಕ್ಕೂ ಉತ್ತರ ಕೊಟ್ಟರು. ಆಟೋದವನು ಕನ್ನಡ ತಿಳಿಯದಿದ್ದರೂ ಹಾರ್ನ್ ಹೊಡೆಯದೆ, ಅವಸರಪಡಿಸದೆ ಕಾದ.

ರೈಲಿಗೆ ನಾನೊಬ್ಬಳೇ ಹತ್ತಿದೆ. ಪಕ್ಕದ ಸೀಟು ಮಾಮನ ಹೆಸರಿನದು. ರಾಜಮಂಡ್ರಿಯವರೆಗೆ ಖಾಲಿಯಿತ್ತು, ಆಮೇಲೆ ಒಬ್ಬ ಮುದುಕಿ ಬುಟ್ಟಿಯ ಸಮೇತ ಬಂದು ಕುಳಿತಳು. ನಾನು ಬೇಡವೆನ್ನಲಿಲ್ಲ.

ನರ್ಸೀಪಟ್ಟಣಂ ರೋಡ್ ಬಂದಾಗ ಹೊತ್ತು ಇಳಿಯುತ್ತಿತ್ತು. ಬಾಗಿಲಿಗೆ ಹೋಗಿ ನಿಂತೆ. ಇಳಿಯಬಹುದಿತ್ತು, ರಜೆ ಇತ್ತು, ದಾರಿ ಗೊತ್ತಿತ್ತು. ಇಳಿಯಲಿಲ್ಲ. ರೈಲು ಹೊರಟ ಮೇಲೆ ಮಾಮನಿಗೆ ಫೋನ್ ಮಾಡಿದೆ. ಇಳಿದೆಯಾ ಎಂದು ಅವರು ಕೇಳಲಿಲ್ಲ.

"ಬೆಟ್ಟ ಕಾಣ್ತಾವೇನು?" ಎಂದರು.

"ಕಾಣ್ತಿದಾವೆ ಮಾಮ. ಹಿಂದಿನ ಸಾಲು ಆಗಲೇ ಕಪ್ಪಾಗಿದೆ. ಮುಂದಿನ ಸಾಲಿನ ಮೇಲೆ ಇನ್ನೂ ಬಿಸಿಲಿದೆ."

"ಕೆರೆ ಯಾವುದರ ಹಿಂದೆ?"

ಅದು ನನಗೂ ಖಚಿತವಿರಲಿಲ್ಲ. ಎಲ್ಲಕ್ಕಿಂತ ಎತ್ತರದ್ದನ್ನು ಆರಿಸಿಕೊಂಡು ಅದರ ಆಕಾರ ಹೇಳತೊಡಗಿದೆ. ಅವರು ಹೂಂಗುಟ್ಟುತ್ತ ಕೇಳುತ್ತಿದ್ದರು. ಅದು ಹಿಂದೆ ಸರಿದು ಮರೆಯಾದ ಮೇಲೂ ನಾನು ಹೇಳುವುದನ್ನು ನಿಲ್ಲಿಸಲಿಲ್ಲ.