ಮೂರು ಸಲ ಕುದಿದ ಕಾರು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಒಂದು ಹಳೆಯ ಕಾರು ಕೊಂಡು ತುಮಕೂರಿನಲ್ಲಿ ಬಾಡಿಗೆಗೆ ಓಡಿಸಲು ಶುರುಮಾಡಿದೆ. ಹೆಂಡತಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಲಾರಿ ಡ್ರೈವರಾಗಿದ್ದ ಅವಳ ಅಣ್ಣ, ಕೆಟ್ಟು ನಿಂತ ಲಾರಿಯ ಪಕ್ಕ ನಿಂತಿದ್ದಾಗ ಇನ್ನೊಂದು ಗಾಡಿ ಹೊಡೆದು ತೀರಿಕೊಂಡಿದ್ದ. ಹಾಗಾಗಿ ಅವಳದು ಒಂದೇ ಷರತ್ತು: ಕಾರು ಮೂರು ಸಲ ದಾರಿಯಲ್ಲಿ ಕೆಟ್ಟು ನಿಂತರೆ ಮಾರಿಬಿಡಬೇಕು. ನಾನು ಹೂಂ ಅಂದೆ. ಮೂರು ಸಲ ನಿಲ್ಲುವಂಥ ಕಾರನ್ನು ಕೊಳ್ಳಲು ನಾನೇನು ದಡ್ಡನೇ ಎಂಬ ಜಂಬ ನನಗಿತ್ತು.

ಮೊದಲ ಸಲ ನಿಂತದ್ದು ಹೆಬ್ಬೂರಿನ ಹತ್ತಿರ. ಎಂಜಿನ್ನಿನ ಶಾಖ ತೋರಿಸುವ ಮೀಟರಿನ ಮುಳ್ಳು ಸದ್ದಿಲ್ಲದೆ ಕೆಂಪು ಗೆರೆಗೆ ಹೋಗಿತ್ತು. ಬಾನೆಟ್ ಎತ್ತಿದರೆ ಇಡ್ಲಿ ಪಾತ್ರೆಯ ಹಾಗೆ ಹಬೆ. ಎರಡನೇ ಸಲ ಗುಬ್ಬಿಯಲ್ಲಿ. ಅಲ್ಲಿ ತಗಡಿನ ಶೆಡ್ಡಿನಲ್ಲಿ ಕೆಲಸ ಮಾಡುವ ವಯಸ್ಸಾದ ಮೇಸ್ತ್ರಿಯೊಬ್ಬ ಸಿಕ್ಕಿದ. ಫ್ಯಾನ್ ಬೆಲ್ಟ್ ಬಿಗಿ ಮಾಡಿದ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ತಡೆದು ನಿಲ್ಲಿಸುವ ಥರ್ಮೋಸ್ಟಾಟನ್ನು, "ಇದೆಲ್ಲ ಚಳಿ ದೇಶದವ್ರಿಗೆ ಬುಡು" ಎಂದು ಕಿತ್ತೇ ಹಾಕಿದ.

ಆದರೂ ಮುಳ್ಳು ಏರುವುದು ನಿಲ್ಲಲಿಲ್ಲ. ಒಂದು ದಿನ ಏರಿದರೆ ಇನ್ನೊಂದು ದಿನ ಸುಮ್ಮನಿರುತ್ತಿತ್ತು. ಎಂಜಿನ್ ನಿಜವಾಗಿ ಕಾಯುತ್ತಿದೆಯೋ, ಮೀಟರೇ ಸುಳ್ಳು ಹೇಳುತ್ತಿದೆಯೋ ಎಂದು ನನ್ನ ತಲೆ ಕೆಟ್ಟು ಹೋಯಿತು. ಮೀಟರಿನದೇ ತಪ್ಪು ಎಂದು ಮೇಸ್ತ್ರಿಯ ಹತ್ತಿರ ವಾದಿಸಿದೆ. ಅವನು ಎಂಜಿನ್ನಿನಲ್ಲಿದ್ದ ಮೀಟರಿನ ತುದಿಯನ್ನು ಬಿಚ್ಚಿ, ವೈರು ಕೊಟ್ಟು, ಟೀ ಕಾಯಿಸುವ ನೀರಿನಲ್ಲಿ ಅದ್ದಿದ. ನೀರು ಕುದಿದಂತೆ ಮುಳ್ಳೂ ಮೇಲೇರಿತು.

"ಮುಳ್ಳು ಸರಿಯಾಗೇ ಹೇಳ್ತೈತೆ ಕಣಯ್ಯ. ನೀನೇ ನಂಬ್ತಿಲ್ಲ" ಎಂದ.

"ಹಂಗಾದ್ರೆ ಯಾಕ್ ಕಾಯ್ತೈತೆ ಮೇಸ್ತ್ರಿ?"

"ಅದೇ ನಂಗೂ ಗೊತ್ತಾಗ್ತಿಲ್ಲ."

ಗೊತ್ತಿದ್ದವನೇ ಗೊತ್ತಿಲ್ಲ ಎಂದರೆ ನಾನು ಯಾರನ್ನು ಕೇಳಲಿ? ಮನೆಯಲ್ಲಿ ಹೆಂಡತಿ ತನ್ನದೇ ದಾರಿ ಹಿಡಿದಿದ್ದಳು. ಹತ್ತಿರದ ಕೋರ ಗ್ರಾಮದಲ್ಲಿ ಅವಳ ತವರಿನವರು ಚೆಂಡು ಹೂ ಬೆಳೆಯುತ್ತಿದ್ದರು. ಕಾರು ಬಂದ ಲಾಗಾಯ್ತು ಪ್ರತಿ ಶುಕ್ರವಾರ ಪೂಜೆ ಮಾಡಿ ಮುಂದಿನ ಜಾಲರಿಗೆ ಹಾರ ಕಟ್ಟುತ್ತಿದ್ದಳು. ಪೂಜೆಯ ಹೂವನ್ನು ಕಿತ್ತು ಎಸೆಯಬಾರದು, ತಾನಾಗಿಯೇ ಉದುರಬೇಕು ಎನ್ನುವುದು ಅವರ ಮನೆಯ ಪದ್ಧತಿ. ಕಾರು ಎರಡು ಸಲ ನಿಂತ ಮೇಲೆ ಒಂದೆಳೆ ಹಾರ ಮೂರೆಳೆಯಾಯಿತು.

ಮೂರನೇ ಸಲ ನಿಂತದ್ದು ಕುಣಿಗಲ್ ದಾರಿಯಲ್ಲಿ, ಹೆಣ್ಣು ನೋಡಲು ಹೊರಟವರನ್ನು ಕೂರಿಸಿಕೊಂಡು ಹೋಗುವಾಗ. ಅವರು ನನ್ನ ಮುಖ ಕೂಡ ನೋಡದೆ ಬಸ್ಸು ಹತ್ತಿದರು. ಮೂರು ಸಲ ಆಯಿತು, ಇನ್ನು ಕಾರು ನನ್ನದಲ್ಲ ಎಂದುಕೊಂಡೆ. ಗುಬ್ಬಿಗೆ ಹೇಳಿ ಕಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಬಸ್ಸಿನಲ್ಲಿ ಬಂದ.

ಅಷ್ಟರಲ್ಲಿ ಎಂಜಿನ್ ತಣ್ಣಗಾಗಿತ್ತು. ಅವನು ನೀರು ತುಂಬಿಸಿ ಎಂಜಿನ್ ಚಾಲೂ ಮಾಡಿ, ಈ ಸಲ ಮುಂದಿನ ಜಾಲರಿಯನ್ನೇ ಬಿಚ್ಚಿ, ನೀರನ್ನು ತಣಿಸುವ ರೇಡಿಯೇಟರಿನ ಮುಂದೆ ಒಂದು ಹಾಳೆ ಪೇಪರ್ ಹಿಡಿದ. ಹಿಂದೆ ಫ್ಯಾನ್ ಗಾಳಿ ಎಳೆಯುತ್ತಿದ್ದರೆ ಪೇಪರ್ ಅಂಟಿಕೊಳ್ಳಬೇಕು. ಅದು ಕೆಳಗೆ ಬಿತ್ತು. ಬಗ್ಗಿ ನೋಡಿ ಒಳಗೆ ಬೆರಳು ಹಾಕಿ ಕೆರೆದ. ವಾರವಾರವೂ ಫ್ಯಾನ್ ಒಳಗೆಳೆದುಕೊಂಡ ಚೆಂಡು ಹೂವಿನ ಎಸಳು ಒಣಗಿ, ಕಂಬಳಿಯಷ್ಟು ದಪ್ಪಕ್ಕೆ ರೇಡಿಯೇಟರಿಗೆ ಮೆತ್ತಿಕೊಂಡಿತ್ತು. ಮೇಸ್ತ್ರಿ ರಸ್ತೆಯಲ್ಲೇ ಕೂತು ಬಿದ್ದು ಬಿದ್ದು ನಕ್ಕ. ಕಾರು ಉಳಿಯಿತು ಎಂಬ ಖುಷಿಗೆ ನಾನೂ ನಕ್ಕೆ.

ಆ ನಗುವನ್ನೇ ಹೊತ್ತುಕೊಂಡು ಮನೆಗೆ ಹೋದೆ. ಬಾಗಿಲಲ್ಲೇ ನಿಂತು, "ಇನ್ ಮಾರೋದ್ ಬೇಡ ಕಣೇ! ಕಾರಿಗೇನೂ ಆಗಿಲ್ಲ, ಎಲ್ಲಾ ನಿನ್ನ ಹೂವಿನ ಕೆಲ್ಸ" ಎಂದು ಬೀದಿಗೆ ಕೇಳುವಂತೆ ಹೇಳಿದೆ.

ಅವಳು ನಗಲಿಲ್ಲ. "ಹಂಗಾದ್ರೆ ಮೂರ್ ಸಲಾನೂ ನಿಮ್ಮನ್ನ ರಸ್ತೆ ಪಕ್ಕ ನಿಲ್ಸಿದ್ದು ನಾನೇನಾ?" ಎಂದು ಕೇಳಿದಳು.

ಎಷ್ಟು ದಡ್ಡ ಬಾಯಿ ನನ್ನದು ಎಂದು ಆಗ ಹೊಳೆಯಿತು. ಹಾಗಲ್ಲ ಕಣೇ ಎಂದೆ. ಅಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು.

ಆಮೇಲೆ ಮುಳ್ಳು ಒಂದು ದಿನವೂ ನಡುವನ್ನು ದಾಟಲಿಲ್ಲ. ಶುಕ್ರವಾರಗಳು ಪೂಜೆ, ಹಾರ ಯಾವುದೂ ಇಲ್ಲದೆ ಬಂದು ಹೋದವು. ತಡೆಯಲಾರದೆ ಒಂದು ಬೆಳಿಗ್ಗೆ ನಾನೇ ಒಂದು ಮೊಳ ಮಲ್ಲಿಗೆ ತಂದು, "ಮುಂದೆ ಬೇಡ, ಒಳಗೆ ಕನ್ನಡಿಗೆ ಕಟ್ಟು. ಅಲ್ಲಿ ಏನೂ ಆಗಲ್ಲ" ಎಂದೆ.

ಹೂವನ್ನು ಕೈಗೆ ತೆಗೆದುಕೊಂಡಳು. ಕಾರಿನ ಹತ್ತಿರದವರೆಗೂ ಬಂದಳು. ಬಾಗಿಲು ಮುಟ್ಟಲಿಲ್ಲ.

"ನೀವೇ ಕಟ್ಕೊಳ್ರೀ," ಎಂದು ಹೂವನ್ನು ಕಿಟಕಿಯಿಂದ ನನ್ನ ಕೈಗೆ ವಾಪಸು ಕೊಟ್ಟಳು. "ನನ್ ಕೈ ಬ್ಯಾಡ."