ಕಾಯಿಲೆಗೆ ಸ್ತೋತ್ರ ಹೇಳದ ಮೇಷ್ಟ್ರು

ಒಂದು ಭಾನುವಾರ ಚರ್ಚಿನ ಆರಾಧನೆಗೆ ಹೊರಟಾಗ ಇವರ ಕಾಲು ಶೂ ಒಳಗೆ ಹೋಗಲಿಲ್ಲ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ರಿಟೈರ್ ಆದವರು ನನ್ನ ಯಜಮಾನರು. ಪಾದ ಊದಿತ್ತು. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯಿತು. ಬಿಸಿಲಿಗಿರಬೇಕು ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ವಾರದೊಳಗೆ ಮುಖವೂ ಊದಿತು.

ಹಾಸನದ ಡಾಕ್ಟರು ಕ್ರಿಯಾಟಿನಿನ್ ರಿಪೋರ್ಟನ್ನು ಎರಡು ಸಲ ನೋಡಿದರು. "ಎರಡೂ ಕಿಡ್ನಿ ಕೆಲಸ ನಿಲ್ಸಿವೆ ಅಮ್ಮಾ. ಡಯಾಲಿಸಿಸ್ ಶುರು ಮಾಡ್ಲೇಬೇಕು."

ಎಷ್ಟು ದಿನ ಎಂದು ಕೇಳಿದೆ.

ಇರುವವರೆಗೂ ಅಂದರು.

ಅಲ್ಲಿಂದ ಮಂಗಳವಾರ, ಶುಕ್ರವಾರ ಬೆಳಗಿನ ಬಸ್ಸಿಗೆ ಹಾಸನ. ನಾಲ್ಕು ಗಂಟೆ ಯಂತ್ರ. ಸಂಜೆ ವಾಪಸ್. ದಿನಕ್ಕೆ ಒಂದು ಲೀಟರ್ ನೀರು, ಕಾಫಿ ಸಾರು ಎಲ್ಲ ಅದರಲ್ಲೇ. ಸೊಪ್ಪು ಬೇಯಿಸಿ ಆ ನೀರು ಚೆಲ್ಲಿಬಿಡಿ ಅಂದರು ಡಯೆಟಿಷಿಯನ್. ನಮ್ಮ ಕಡೆ ಆ ನೀರಲ್ಲೇ ಬಸ್ಸಾರು ಮಾಡುವುದು. ಕಿಡ್ನಿ ಹೋಯಿತು ಅಂದಾಗ ಬಾರದ ಅಳು, ಮೊದಲ ದಿನ ಅದನ್ನು ಬಚ್ಚಲಿಗೆ ಸುರಿಯುವಾಗ ಬಂತು.

ಆಮೇಲೆ ಇವರು ಊಟದ ಪ್ರಾರ್ಥನೆ ನಿಲ್ಲಿಸಿದರು.

ನಮ್ಮ ಮನೆಯಲ್ಲಿ ಬಡಿಸಿದ ಮೇಲೆ ಇವರು ಪ್ರಾರ್ಥನೆ ಮಾಡದೆ ಯಾರೂ ತಟ್ಟೆಗೆ ಕೈ ಹಾಕುವುದಿಲ್ಲ. ಅದೂ ಉದ್ದದ ಪ್ರಾರ್ಥನೆ. ಸಭೆ, ಪಾಸ್ಟರು, ಶಾಲೆ, ಮಳೆ, ಬೆಳೆ, ಸರ್ಕಾರ, ಎಲ್ಲಕ್ಕೂ ಸ್ತೋತ್ರ, ಅಂದರೆ ದೇವರಿಗೆ ಕೃತಜ್ಞತೆ. ಮುದ್ದೆ ಆರಿ ಕಲ್ಲಾಗುತ್ತದೆ ಎಂದು ಮೂವತ್ತೆರಡು ವರ್ಷ ಗೊಣಗಿದವಳು ನಾನು. ಈಗ ಅವರು ಕೂತ ತಕ್ಷಣ ಉಣ್ಣತೊಡಗಿದಾಗ, ಆ ಗೊಣಗಾಟದಲ್ಲಿ ಎಷ್ಟು ಸುಖವಿತ್ತು ಎಂದು ಗೊತ್ತಾಯಿತು. ದೇವರ ಹತ್ತಿರ ಮಾತು ಬಿಟ್ಟವರು ನನ್ನ ಹತ್ತಿರವೂ ಬಿಟ್ಟರು. ಬದುಕಿದ್ದಾಗಲೇ ಇವರು ನನ್ನ ಕೈತಪ್ಪಿ ಹೋಗುತ್ತಿದ್ದಾರೆ ಎಂದು ಹೆದರಿದೆ.

ತಪ್ಪು ಮಾಡಿದ್ದು ಆಗಲೇ. ಸಭೆಯ ಮಹಿಳಾ ಕೂಟದವರೊಂದಿಗೆ ರೋಗಿಗಳನ್ನು ನೋಡಲು ಹೋಗುವುದು ನನ್ನ ರೂಢಿ. ಕಾಯಿಲೆಗೂ ಸ್ತೋತ್ರ ಹೇಳಿ ಎಂದು ಉಪದೇಶ ಮಾಡಿ, ಅವರು ಕೊಟ್ಟ ಕಾಫಿ ಕುಡಿದು ಬರುತ್ತಿದ್ದೆ. ಒಂದು ಮಧ್ಯಾಹ್ನ ಇವರ ಬದಲು ನಾನೇ ಪ್ರಾರ್ಥಿಸಿದೆ. ಈ ಕಾಯಿಲೆ ಕೊಟ್ಟದ್ದಕ್ಕೂ ಸ್ತೋತ್ರ ಅಂದೆ. ಕಣ್ಣು ಬಿಟ್ಟಾಗ ಇವರು ತಟ್ಟೆ ದೂರ ತಳ್ಳಿದ್ದರು.

"ಸೂಜಿ ಚುಚ್ಚಿಸ್ಕೊಳ್ಳೋನು ನಾನು ಕಣೆ ಸುಗುಣ. ಸ್ತೋತ್ರ ನೀನ್ ಹೇಳ್ಬುಟ್ರೆ ಆಯ್ತದಾ?"

ನಾಚಿಕೆಯಾಯಿತು. ಎಷ್ಟು ಮನೆಗಳಲ್ಲಿ ಎಷ್ಟು ಜನ ಹಲ್ಲು ಕಚ್ಚಿಕೊಂಡು ನನ್ನ ಉಪದೇಶ ಕೇಳಿದ್ದರೋ.

ಡಯಾಲಿಸಿಸ್ ವಾರ್ಡಿನಲ್ಲಿ ಇವರ ಪಕ್ಕದ ಹಾಸಿಗೆ ನುಗ್ಗೇಹಳ್ಳಿಯ ರಾಮೇಗೌಡರದು, ತೆಂಗು ಬೆಳೆಯುವವರು. ಪ್ರತಿ ಸಲ ಸೂಜಿ ತೆಗೆದ ಮೇಲೆ ಯಂತ್ರವನ್ನು ಮುಟ್ಟಿ, ಬೆರಳು ಕಣ್ಣಿಗೊತ್ತಿಕೊಂಡು ಕೈ ಮುಗಿಯುತ್ತಿದ್ದರು. ನೋಡಿ ನೋಡಿ ಇವರಿಗೆ ರೇಗಿತು. ಇಂಥ ಕಾಯಿಲೆ ಹಿಡಿದು ಮಲಗಿಸಿದೆ, ಯಾವ ಸುಖಕ್ಕೆ ಕೈ ಮುಗಿಯುತ್ತೀರಿ ಎಂದು ಕೇಳಿಯೇಬಿಟ್ಟರು.

ಗೌಡರು ಬೇಸರ ಮಾಡಿಕೊಳ್ಳಲಿಲ್ಲ. "ಕಾಯ್ಲೆಗ್ಯಾಕ್ ಮುಗೀಲಿ ಸಾ, ಅದ್ರ ಮನೆ ಹಾಳಾಗ. ಇವತ್ತು ಎದ್ದು ಮನೆಗ್ ಓಯ್ತೀನಲ್ಲ, ಅದುಕ್ಕೆ."

ಬಸ್ಸಿನಲ್ಲಿ ಇವರು ಊರು ಬರುವವರೆಗೂ ಕಿಟಕಿಯಾಚೆ ನೋಡುತ್ತಿದ್ದರು. ಮನೆಗೆ ಬಂದು ಅನ್ನ, ಹೀರೇಕಾಯಿ ಪಲ್ಯ ಬಡಿಸಿದೆ. ಕೈ ತೊಳೆದು ಬಂದು ಕೂತರು. ಉಣ್ಣಲಿಲ್ಲ. ಕಣ್ಣು ಮುಚ್ಚಿದರು. ನಾನೂ ಸೌಟು ಕೆಳಗಿಟ್ಟು ಕಣ್ಣು ಮುಚ್ಚಿದೆ.

"ತಂದೆಯೇ, ಕಾಯಿಲೆಗೆ ಸ್ತೋತ್ರ ಹೇಳಕ್ಕೆ ನಂಗೆ ಬಾಯಿ ಬರಲ್ಲ. ಬಂದಾಗ ಹೇಳ್ತೀನಿ. ಈ ಅನ್ನಕ್ಕೆ ಸ್ತೋತ್ರ. ಸುಗುಣನ್ನ ಕೊಟ್ಟಿದ್ದಕ್ಕೆ ಸ್ತೋತ್ರ. ಆಮೆನ್."

ಮಳೆ ಬೆಳೆ ಸರ್ಕಾರಕ್ಕೆಲ್ಲ ಸ್ತೋತ್ರ ಹೇಳಿದ ಮನುಷ್ಯನ ಬಾಯಲ್ಲಿ, ದೇವರ ಮುಂದೆ, ನನ್ನ ಹೆಸರು ಬಂದದ್ದು ಅದೇ ಮೊದಲು. ನಾನು ಆಮೆನ್ ಅನ್ನುವುದು ತಡವಾಯಿತು.

ಇದಾಗಿ ಎಂಟು ತಿಂಗಳು. ಕಿಡ್ನಿ ಸರಿಹೋಗಿಲ್ಲ, ಹೋಗುವುದೂ ಇಲ್ಲ. ರೋಗಿಗಳ ಮನೆಗೆ ಈಗಲೂ ಹೋಗುತ್ತೇನೆ. ಉಪದೇಶ ಬಿಟ್ಟಿದ್ದೇನೆ, ಪಕ್ಕದಲ್ಲಿ ಕೂತು ಅವರ ಮಾತು ಕೇಳಿ ಬರುತ್ತೇನೆ. ಇವರ ಪ್ರಾರ್ಥನೆ ಇನ್ನೂ ಅಷ್ಟೇ ಚಿಕ್ಕದು. ಕಾಯಿಲೆಯ ಮಾತು ಅದರೊಳಗೆ ಈವರೆಗೂ ಬಂದಿಲ್ಲ. ನನ್ನ ಹೆಸರು ಒಂದು ದಿನವೂ ತಪ್ಪಿಲ್ಲ.